ಸಮಾಧಿಯ ಗುರುತಿಲ್ಲದ ಸಂತ

ನವೆಂಬರ್ ತಿಂಗಳು ಬಂದಿತೆಂದರೆ ನಮ್ಮ ಕ್ರೈಸ್ತ ಕುಟುಂಬಗಳು ಸಮಾಧಿಭೂಮಿಯತ್ತ ಹೆಜ್ಜೆ ಹಾಕುತ್ತವೆ. ಕಳೆ ಕಿತ್ತು, ಶಿಲುಬೆಗೆ ಸುಣ್ಣ ಬಳಿದು, ಹೂವೇರಿಸಿ, ಮೇಣದಬತ್ತಿ ಹಚ್ಚಿ ಅಗಲಿದವರಿಗಾಗಿ ಪ್ರಾರ್ಥಿಸುತ್ತವೆ. ಹತ್ತಿಮತ್ತೂರು ಕಡೆಯ ಒಬ್ಬ ತಾಯಿಗೆ ಮಾತ್ರ ಆ ದಿನ ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ. 2021ರ ಕೊರೊನಾ ಅಲೆಯಲ್ಲಿ, ದೂರದ ನಗರದಲ್ಲಿ ದುಡಿಯುತ್ತಿದ್ದ ಆಕೆಯ ಮಗ ತೀರಿಕೊಂಡನು. ದೇಹವನ್ನು ಅಲ್ಲಿಯೇ ದಹಿಸಲಾಯಿತು; ಹಿಡಿ ಬೂದಿಯೂ ಮನೆಗೆ ಬರಲಿಲ್ಲ. ಅಂತಿಮ ದಿನದಲ್ಲಿ ಎಲ್ಲರೂ ತಮ್ಮ ತಮ್ಮ ಸಮಾಧಿಗಳಿಂದ ಏಳುವಾಗ ತನ್ನ ಮಗ ಎಲ್ಲಿಂದ ಏಳಬೇಕೆಂದು ಆಕೆ ನನ್ನನ್ನು ಕೇಳಿದರು. ಗುರುಮಠದಲ್ಲಿ ತತ್ವಶಾಸ್ತ್ರ ಓದಿದವನಿಗೆ ಉತ್ತರಗಳ ಕೊರತೆಯಿರಲಿಲ್ಲ. ಆದರೆ ಆ ಹೊತ್ತಿಗೆ ನಾನು ಆಕೆಗೆ ಹೇಳಿದ್ದು ಸಂತ ಜೋಸೆಫ್ ವಾಜ್‌ರವರ ಜೀವನವನ್ನು.

ವಾಜ್‌ರವರು 1651ರ ಏಪ್ರಿಲ್ 21ರಂದು ಗೋವೆಯ ಬಾಣಾವಲಿಯಲ್ಲಿ, ತಮ್ಮ ತಾಯಿಯ ಊರಿನಲ್ಲಿ ಜನಿಸಿದರು. 1676ರಲ್ಲಿ ಗುರುದೀಕ್ಷೆ ಪಡೆದರು. ಐದು ವರ್ಷಗಳ ತರುವಾಯ ಅವರನ್ನು ಕನ್ನಡ ಕರಾವಳಿಗೆ ಕಳುಹಿಸಲಾಯಿತು. ಆಗ ಆ ಸೀಮೆ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಗೆ ಒಳಪಟ್ಟಿತ್ತು. ಕ್ರೈಸ್ತರ ಸ್ಥಿತಿ ಶೋಚನೀಯವಾಗಿತ್ತು. ಅದಕ್ಕೆ ಕಾರಣ ಹೊರಗಿನವರಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಪೋರ್ಚುಗಲ್ ದೊರೆಯ ಪೋಷಣಾಧಿಕಾರಕ್ಕೆ ಒಳಪಟ್ಟ ಗುರುಗಳಿಗೂ ರೋಮಿನಿಂದ ನೇಮಕಗೊಂಡ ಧರ್ಮಾಧ್ಯಕ್ಷ ತೋಮಸ್ ಡಿ ಕ್ಯಾಸ್ಟ್ರೊರವರಿಗೂ ಅಧಿಕಾರದ ವ್ಯಾಜ್ಯ ನಡೆದಿತ್ತು. ಯಾರ ಕೈಯಿಂದ ಪಡೆದ ಸಂಸ್ಕಾರ ಸಿಂಧು ಎಂಬ ಗೊಂದಲದಲ್ಲಿ ಬಡ ಭಕ್ತರು ತೊಳಲಾಡುತ್ತಿದ್ದರು. ಮರಣಶಯ್ಯೆಯಲ್ಲಿರುವವನಿಗೆ ಇಂತಹ ಸಂದೇಹ ಎಷ್ಟು ಭಾರವಾದುದೆಂದು ಬೇರೆ ಹೇಳಬೇಕೆ? ವಾಜ್‌ರವರು ಪಕ್ಷ ಕಟ್ಟದೆ ಎರಡೂ ಕಡೆಯವರನ್ನು ಶಾಂತಗೊಳಿಸಲು ಶ್ರಮಿಸಿದರು. ಊರೂರು ನಡೆದು ಪಾಪನಿವೇದನೆ ಆಲಿಸಿದರು, ಶಾಲೆಗಳನ್ನು ತೆರೆದರು. ಕುಂದಾಪುರದ ಜಪಮಾಲೆ ಮಾತೆಯ ದೇವಾಲಯದಲ್ಲಿಯೂ ಮುಡಿಪಿನ ಗುಡ್ಡದ ಮೇಲೆಯೂ ಅವರ ನೆನಪು ಇಂದಿಗೂ ಹಸಿರಾಗಿದೆ. ಅಲ್ಲಿ ಹೇಳುವ ಪವಾಡಗಳನ್ನು ಅಲ್ಲಗಳೆಯಲಾರೆ. ಆದರೆ ನನ್ನ ಮನಸ್ಸನ್ನು ಹೆಚ್ಚು ಸೆಳೆಯುವುದು ಆ ನಡಿಗೆಯೇ.

1684ರಲ್ಲಿ ಅವರು ಗೋವೆಗೆ ಮರಳಿದರು. ಮರುವರ್ಷ ಹಳೆ ಗೋವೆಯಲ್ಲಿ ಒರೆಟೋರಿಯನ್ ಗುರುಗಳ ಸಮುದಾಯವನ್ನು ಕಟ್ಟಿ ನೆಲೆಗೊಳಿಸಿದರು. ಆಗ ಸಿಂಹಳದ್ವೀಪದ ಕರಾವಳಿ ಡಚ್ಚರ ವಶದಲ್ಲಿತ್ತು. ಅವರು ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರಿಂದ ಅಲ್ಲಿನ ಭಕ್ತರು ಬಲಿಪೂಜೆಯಿಲ್ಲದೆ ಬಾಳಿ ಸಂಸ್ಕಾರಗಳಿಲ್ಲದೆ ಸಾಯುತ್ತಿದ್ದರು. ಇದನ್ನು ಸಹಿಸದ ವಾಜ್‌ರವರು 1687ರಲ್ಲಿ ಕೂಲಿಯಾಳಿನ ವೇಷ ಧರಿಸಿ, ಜಾನ್ ಎಂಬ ಸೇವಕನೊಡನೆ ಜಾಫ್ನಾದಲ್ಲಿ ಇಳಿದರು. ಇಳಿದೊಡನೆ ಭೇದಿಯಿಂದ ನರಳಿ ಬಿದ್ದರು. ಆಗ ಅವರ ಜೀವ ಉಳಿದದ್ದು ಒಬ್ಬ ಹೆಣ್ಣುಮಗಳು ತಂದುಕೊಟ್ಟ ಗಂಜಿಯಿಂದ. ಮುಂದೆ 1692ರಲ್ಲಿ ಕ್ಯಾಂಡಿ ರಾಜ್ಯಕ್ಕೆ ಹೋದಾಗ ಪೋರ್ಚುಗೀಸರ ಗೂಢಚಾರನೆಂಬ ಆರೋಪದ ಮೇಲೆ ಸೆರೆಯಾದರು. ಅವರ ನಡತೆಯನ್ನು ಕಂಡ ಬೌದ್ಧ ದೊರೆ ಎರಡನೆಯ ವಿಮಲಧರ್ಮಸೂರ್ಯನು ಕಾಲಕ್ರಮೇಣ ಅವರ ಆಶ್ರಯದಾತನಾದನು.

1697ರಲ್ಲಿ ಕ್ಯಾಂಡಿಗೆ ಸಿಡುಬು ಬಂದಿತು. ನಮ್ಮ ಹಿರಿಯರು ಮೈಲಿಬೇನೆ ಎಂದು ಹೆಸರೆತ್ತಲೂ ಅಂಜುತ್ತಿದ್ದ ರೋಗವದು. ದೊರೆ ಮತ್ತು ಆಸ್ಥಾನದವರು ನಗರ ತೊರೆದರು. ಮನೆಯವರೇ ರೋಗಿಗಳನ್ನು ಕಾಡಿಗೆ ಒಯ್ದು ಬಿಟ್ಟು ಬರುತ್ತಿದ್ದರು, ಸತ್ತವರನ್ನು ಮುಟ್ಟುವವರಿರಲಿಲ್ಲ. ವಾಜ್‌ರವರೂ ಅವರ ಬಂಧುವಾಗಿದ್ದ ಫಾದರ್ ಜೋಸೆಫ್ ಕಾರ್ವಾಲ್ಹೊರವರೂ ಆ ಕಾಡಿಗೆ ಹೋದರು. ಗುಡಿಸಲು ಹಾಕಿ, ಅನ್ನ ಔಷಧ ಒದಗಿಸಿ, ಕೀವು ತೊಳೆದರು. ತ್ಯಜಿಸಿಹೋದ ಮನೆಗಳನ್ನು ಆಸ್ಪತ್ರೆಗಳನ್ನಾಗಿ ಮಾಡಿದರು. ಇವನು ಕ್ರೈಸ್ತನೋ ಬೌದ್ಧನೋ ಎಂದು ವಿಚಾರಿಸಲಿಲ್ಲ. ಪ್ರಾಣ ಹೋದವರಿಗೆ ತಮ್ಮ ಕೈಯಿಂದಲೇ ಗುಂಡಿ ತೋಡಿ ಮಣ್ಣು ಕೊಟ್ಟರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಆತ್ಮ ಮಾತ್ರ ಅಮರ, ದೇಹವು ಕಳಚಿ ಎಸೆಯುವ ಹಳೆಯ ಅಂಗಿ ಎಂದು ನಂಬಿದವನಿಗೆ ಕೊಳೆತ ಶವದ ಗೊಡವೆ ಏಕೆ? ಗ್ರೀಸಿನ ಪ್ಲೇಟೊ ದೇಹವನ್ನು ಆತ್ಮದ ಸೆರೆಮನೆಯೆಂದು ಕಂಡನು. ನಮ್ಮ ವಿಶ್ವಾಸ ಅದಲ್ಲ. ದೇಹವನ್ನಗಲಿದ ಆತ್ಮ ಮಾತ್ರವೇ ಪೂರ್ಣ ಮನುಷ್ಯನಲ್ಲವೆಂದು ಸಂತ ತೋಮಸ್ ಅಕ್ವಿನಾಸ್‌ರು ವಿವರಿಸಿದರು. ಆದುದರಿಂದಲೇ ನಾವು ಪ್ರತಿ ಭಾನುವಾರ ಆತ್ಮದ ಅಮರತ್ವವನ್ನಷ್ಟೇ ಅಲ್ಲ, ಮೃತರ ಪುನರುತ್ಥಾನವನ್ನು ಸಾರುತ್ತೇವೆ. ಸಿಡುಬಿನಿಂದ ವಿಕಾರಗೊಂಡ ಆ ದೇಹಗಳಿಗೂ ದೇವರಲ್ಲಿ ಒಂದು ನಾಳೆಯಿದೆಯೆಂದು ವಾಜ್‌ರವರು ನಂಬಿದ್ದರು.

1711ರ ಜನವರಿ 16ರಂದು ಅವರು ಕ್ಯಾಂಡಿಯಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ದೇಹವನ್ನು ಅಲ್ಲಿಯೇ ಮಣ್ಣು ಮಾಡಿದರು. ಕಾಲಾಂತರದಲ್ಲಿ ಆ ಸಮಾಧಿಯ ಗುರುತು ಅಳಿಸಿಹೋಯಿತು. ದಿಕ್ಕಿಲ್ಲದ ಎಷ್ಟೋ ಜನರಿಗೆ ಸಮಾಧಿ ತೋಡಿದವರ ಸಮಾಧಿ ಎಲ್ಲಿದೆಯೆಂದು ಇಂದು ತೋರಿಸುವವರಿಲ್ಲ. ಆದರೂ 1995ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್‌ರವರು ಕೊಲಂಬೊದಲ್ಲಿ ಅವರನ್ನು ಪುನೀತರೆಂದು ಸಾರಿದರು. 2015ರ ಜನವರಿ 14ರಂದು ಅದೇ ನಗರದಲ್ಲಿ ಪೋಪ್ ಫ್ರಾನ್ಸಿಸ್‌ರವರು ಸಂತರ ಸಾಲಿಗೆ ಸೇರಿಸಿದರು. ಎಲುಬೊಂದೂ ಸಿಗದಿದ್ದುದು ಇದಕ್ಕೆ ಅಡ್ಡಿಯಾಗಲಿಲ್ಲ.

ನಮ್ಮ ಭಾಗದ ಅನೇಕರು ಹಳೆ ಗೋವೆಗೆ ಹೋಗಿ ಸಂತ ಫ್ರಾನ್ಸಿಸ್ ಜೇವಿಯರ್‌ರವರ ಪಾರ್ಥಿವ ಶರೀರದ ದರ್ಶನ ಪಡೆದವರು. 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಅದನ್ನು ಸಾರ್ವಜನಿಕ ದರ್ಶನಕ್ಕೆ ಇಡಲಾಗಿತ್ತು. ಅದು ಯೋಗ್ಯವಾದ ಭಕ್ತಿಯೇ. ಆದರೆ ಕೆಡದೆ ಉಳಿದ ದೇಹ ಬೇರೆ, ಪುನರುತ್ಥಾನಗೊಂಡ ದೇಹ ಬೇರೆ. ಜೇವಿಯರ್‌ರವರೂ ಇನ್ನೂ ಆ ದಿನವನ್ನು ಕಾಯುತ್ತಿದ್ದಾರೆ, ಗುರುತಿಲ್ಲದ ಮಣ್ಣಿನಲ್ಲಿರುವ ವಾಜ್‌ರವರೂ ಕಾಯುತ್ತಿದ್ದಾರೆ. ಗಾಜಿನ ಪೆಟ್ಟಿಗೆಯಲ್ಲಿರುವವರಿಗೆ ಹತ್ತಿರ, ಇಲ್ಲದವರಿಗೆ ದೂರ ಎಂಬ ಲೆಕ್ಕ ದೇವರಲ್ಲಿಲ್ಲ. ಹೊಲದಲ್ಲಿ ಬಿತ್ತಿದ ಕಾಳು ಕಾಳಾಗಿ ಉಳಿಯದೆ ಪೈರಾಗುವ ಬಗೆಯನ್ನು ತೋರಿಸಿ ಸಂತ ಪೌಲರು ಕೊರಿಂಥದವರಿಗೆ ತಿಳಿಸಿದ್ದೂ ಇದನ್ನೇ. ನಮ್ಮ ರೈತರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಹನದ ವಿಷಯವಾಗಿ ಇನ್ನೂ ಕೆಲವರಿಗೆ ಅಂಜಿಕೆಯಿದೆ. ಧರ್ಮಸಭೆ ಹೂಳುವುದನ್ನೇ ಹೆಚ್ಚು ಮೆಚ್ಚುತ್ತದೆಯಾದರೂ 1963ರಲ್ಲಿ ದಹನಕ್ಕೆ ಅನುಮತಿ ನೀಡಿತು. ದೇಹವನ್ನು ಮತ್ತೆ ಎಬ್ಬಿಸುವ ದೇವರ ಶಕ್ತಿಗೆ ಬೆಂಕಿ ಅಡ್ಡಿಯಾಗದೆಂದು 2016ರಲ್ಲಿ ಪುನಃ ಸ್ಪಷ್ಟಪಡಿಸಿತು.

ಆ ತಾಯಿ ಎಲ್ಲವನ್ನೂ ಮೌನವಾಗಿ ಕೇಳಿದರು. ಕಾಡಿನಲ್ಲಿ ಬಿಟ್ಟುಹೋದವರಿಗೆ ವಾಜ್‌ರವರು ಮಣ್ಣು ಕೊಟ್ಟ ಭಾಗವನ್ನು ಮತ್ತೊಮ್ಮೆ ಹೇಳಿಸಿಕೊಂಡರು. ಮಗನ ಹೆಸರನ್ನು ಅವನ ತಂದೆಯ ಸಮಾಧಿಯ ಶಿಲುಬೆಯ ಮೇಲೆ ಬರೆಸಬಹುದೇ ಎಂದು ಕೇಳಿದರು. ಬರೆಸಿದ್ದೇವೆ. ಬರುವ ಜನವರಿ 16ರ ಬಲಿಪೂಜೆಯನ್ನು ಅವನಿಗಾಗಿ ಅರ್ಪಿಸಲು ಆಕೆ ಈಗಲೇ ಹೆಸರು ಕೊಟ್ಟಿದ್ದಾರೆ.