ಕೋವಿಯ ಬಾಯಿಗೆ ಬಳೆ ತೊಡಿಸಿದ ರೋಪರ್

ಕಾಸರಗೋಡು, ವಯನಾಡಿನ ನಮ್ಮ ಕೃಷಿಕರಿಗೆ ಕಾಡುಹಂದಿಯ ಕಾಟ ಹೇಳಿ ಮುಗಿಯುವಂಥದ್ದಲ್ಲ. ಬೆಳೆ ಹಾಳುಮಾಡುವ ಹಂದಿಗಳನ್ನು ಕೊಲ್ಲಲು ಆದೇಶ ನೀಡುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟ ಮೇಲೆ, ಲೈಸನ್ಸ್ ಇರುವ ತೋಟಾ ಕೋವಿಗಳಿಗೆ ಕೆಲಸ ಬಂತು. ಹೊಸ ಕೋವಿಗಳ ನಳಿಗೆಯ ತುದಿಯಲ್ಲಿ ಬಿಚ್ಚಿ ಹಾಕಬಹುದಾದ ‘ಚೋಕ್’ ಕೊಳವೆ ಇರುತ್ತದಲ್ಲ, ಅದರ ಹಿಂದೆ ಒಬ್ಬ ಅಪರೂಪದ ಕುಶಲಕರ್ಮಿಯ ಬದುಕಿದೆ.

ಆತ ಸಿಲ್ವೆಸ್ಟರ್ ಹೋವರ್ಡ್ ರೋಪರ್. ಹುಟ್ಟಿದ್ದು 1823ರ ನವೆಂಬರ್ 24ರಂದು, ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಪ್ರಾಂತ್ಯದ ಫ್ರಾನ್ಸಿಸ್‌ಟೌನಿನಲ್ಲಿ. ತಂದೆ ಮರಗೆಲಸದವರು. ಹನ್ನೆರಡರ ಪ್ರಾಯದಲ್ಲೇ ಹುಡುಗ ಪುಟ್ಟ ಉಗಿಯಂತ್ರ ಮಾಡಿದನಂತೆ. ಮುಂದೆ ಹೊಲಿಗೆ ಯಂತ್ರ, ಬಿಸಿಗಾಳಿಯ ಎಂಜಿನ್ ಎಂದು ಕೈ ಹಾಕದ ಕೆಲಸವಿಲ್ಲ. ಅಂತರ್ಯುದ್ಧದ ಕಾಲದಲ್ಲಿ ಸ್ಪ್ರಿಂಗ್‌ಫೀಲ್ಡಿನ ಸರಕಾರಿ ಶಸ್ತ್ರಾಗಾರದಲ್ಲಿ ದುಡಿದರು. 1863ರ ಹೊತ್ತಿಗೆ ಬೋಸ್ಟನ್ನಿನ ಬೀದಿಯಲ್ಲಿ ಉಗಿಗಾಡಿ ಓಡಿಸಿದರು.

ಯುದ್ಧ ಮುಗಿದ ಮೇಲೆ ನಾಲ್ಕು ಈಡಿನ ತಿರುಗುವ ಕೋವಿಯೊಂದನ್ನು ರೂಪಿಸಿದರು. ಅದರ ಬೆನ್ನಿಗೇ 1868ರಲ್ಲಿ, ನಳಿಗೆಯ ಬಾಯಿಗೆ ಹೊರಗಿನಿಂದ ತಿರುಗಿಸಿ ಕೂರಿಸುವ ಚೋಕಿಗೆ ಪೇಟೆಂಟ್ ಪಡೆದರು. ನಳಿಗೆಯನ್ನೇ ತುದಿಯಲ್ಲಿ ಕಿರಿದು ಮಾಡುವ ವಿದ್ಯೆಗೆ ಇಂಗ್ಲೆಂಡಿನ ಪೇಪ್ 1866ರಲ್ಲೇ ಪೇಟೆಂಟ್ ಪಡೆದಿದ್ದರು. ಆದರೆ ಬೇಕಾದಾಗ ಹಾಕು, ಬೇಡದಾಗ ತೆಗೆ ಎಂಬುದು ರೋಪರ್ ಉಪಾಯ.

ಚೋಕಿನ ಮರ್ಮ ಇಷ್ಟೇ. ಬಾಯಿ ಕಿರಿದಾದರೆ ಚರೆ ಬೇಗ ಚದುರುವುದಿಲ್ಲ. 40 ಗಜ ದೂರದ 30 ಇಂಚಿನ ವೃತ್ತದೊಳಗೆ ‘ಫುಲ್’ ಚೋಕಿನಲ್ಲಿ ಸುಮಾರು ನೂರಕ್ಕೆ 70, ಚೋಕ್ ಇಲ್ಲದ ನಳಿಗೆಯಲ್ಲಿ ಸುಮಾರು 40 ಚರೆ ಬೀಳುತ್ತವೆ. 12 ಬೋರಿನ ಕೋವಿಯಲ್ಲಿ ಈ ವ್ಯತ್ಯಾಸಕ್ಕೆಲ್ಲ ಕಾರಣ ಒಂದು ಮಿಲಿಮೀಟರಿನಷ್ಟು ಬಿಗಿತ!

ಇಷ್ಟು ಸೂಕ್ಷ್ಮವಾದದ್ದನ್ನು ಅಸಡ್ಡೆ ಮಾಡಿದರೆ ಕೇಡು ತಪ್ಪಿದ್ದಲ್ಲ. ಚೋಕ್ ಮುಟ್ಟುವ ಮೊದಲು ತೋಟಾ ತೆಗೆದು, ಕೋವಿ ಮುರಿದು ಅಥವಾ ಬೋಲ್ಟ್ ತೆರೆದು, ಕೋಣೆ ಬರಿದೆಂದು ಕಣ್ಣಾರೆ ನೋಡಬೇಕು. ಆ ಕೋವಿಗೆ ಹೇಳಿದ ಚೋಕನ್ನೇ ಹಾಕಬೇಕು. ಮರೆ ಸಡಿಲಾಗಿ ಚೋಕಿನ ಹಿಂಬದಿ ಎದ್ದು ನಿಂತರೆ, ಸಂದಿಗೆ ಹೊಗೆಯೂ ಚರೆಯೂ ನುಗ್ಗಿ ನಳಿಗೆ ಉಬ್ಬೀತು, ಒಡೆದೂ ಹೋದೀತು. ಆದ್ದರಿಂದ ನಡುನಡುವೆ, ಕೋವಿ ಬರಿದು ಮಾಡಿಯೇ, ಬಿಗಿ ನೋಡಿಕೊಳ್ಳಬೇಕು. ಚೋಕಿಲ್ಲದೆ ಬರೀ ಮರೆಯ ಮೇಲೆ ಈಡು ಹಾರಿಸಲೇಬಾರದು. ಹಂದಿಗೆಂದು ಒಂಟಿ ಗುಂಡಿನ ತೋಟಾ ಹಾಕುವವರು ಬಿಗಿ ಚೋಕ್ ಬಿಟ್ಟು, ತಯಾರಕರು ಹೇಳಿದ ಸಡಿಲ ಚೋಕನ್ನೇ ಬಳಸಬೇಕು. ಕೆಲಸವಾದ ಮೇಲೆ ಬಿಚ್ಚಿ, ಮಸಿ ಒರೆಸಿ, ಮರೆಗೆ ತೆಳ್ಳಗೆ ಎಣ್ಣೆ ಸವರಿಡಿ. ಮಳೆಗಾಲದಲ್ಲಂತೂ ಮರೀಬೇಡಿ, ತುಕ್ಕು ಹಿಡಿದು ಕಚ್ಚಿಕೊಂಡರೆ ಬಿಚ್ಚಲಾಗದು. ನೆಗ್ಗಿದ ಚೋಕನ್ನು ಎಸೆದುಬಿಡಿ.

ರೋಪರ್ ತಾವು ಮಾಡಿದ್ದನ್ನು ತಾವೇ ಪರೀಕ್ಷಿಸುತ್ತಿದ್ದರು. 1896ರ ಜೂನ್ 1ರಂದು, 72ರ ಇಳಿವಯಸ್ಸಿನಲ್ಲಿ, ಕೇಂಬ್ರಿಜ್‌ನ ಚಾರ್ಲ್ಸ್ ನದಿ ಪಕ್ಕದ ಸೈಕಲ್ ಪಥದಲ್ಲಿ ಉಗಿ ಸೈಕಲ್ ಓಡಿಸುತ್ತಿದ್ದಾಗ ತೂಗಾಡಿ ಬಿದ್ದು ಅಸುನೀಗಿದರು. ಹೃದಯ ನಿಂತದ್ದೇ ಕಾರಣವೆಂದು ವೈದ್ಯರು ತೀರ್ಮಾನಿಸಿದರು. ಅವರ ಹಳೆಯ ಉಗಿ ಸೈಕಲ್ಲೊಂದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಬಿಚ್ಚಿ ಹಾಕುವ ಚೋಕಿನ ಉಪಾಯವೋ, ಒಳಮರೆಯ ರೂಪ ತಾಳಿ ಗಡಿನಾಡಿನ ಅಡಿಕೆ ತೋಟದವರೆಗೂ ಬಂದು ಮುಟ್ಟಿದೆ.