ಉಮಾಬಾಯಿ ಕುಂದಾಪುರ: ಕಲಿಯುತ್ತ ಕಲಿಸಿದವರು

ರಾಯಾಪುರದಲ್ಲಿ ನಿಂತರೆ ಒಂದು ಕಡೆ ಧಾರವಾಡ, ಇನ್ನೊಂದು ಕಡೆ ಹುಬ್ಬಳ್ಳಿ. ಬೋಧನಾಭ್ಯಾಸದ ದಿನಗಳಲ್ಲಿ ಪ್ರಶಿಕ್ಷಣಾರ್ಥಿಗಳು ಪಾಠಯೋಜನೆಯ ವಹಿ, ಬೋಧನೋಪಕರಣಗಳ ಸುರುಳಿ ಹಿಡಿದು ಎರಡೂ ದಿಕ್ಕಿನ ಶಾಲೆಗಳಿಗೆ ಚಿಗರಿ ಬಸ್ ಹತ್ತುತ್ತಾರೆ. ಶಿಕ್ಷಕರ ತರಬೇತಿಯ ಇತಿಹಾಸ ಹೇಳುವಾಗ ನಾವು ಧಾರವಾಡದ ಹೆಸರನ್ನು ತಪ್ಪದೆ ಹೇಳುತ್ತೇವೆ. ಹುಬ್ಬಳ್ಳಿಯನ್ನು ವ್ಯಾಪಾರದ ಊರೆಂದು ಬಿಟ್ಟುಬಿಡುತ್ತೇವೆ. ಆದರೆ ಓದುಬರಹವಿಲ್ಲದ ಹೆಣ್ಣುಮಕ್ಕಳನ್ನು ಶಿಕ್ಷಕಿಯರಾಗಿ, ಸೇವಿಕೆಯರಾಗಿ, ಆರೋಗ್ಯ ಕಾರ್ಯಕರ್ತೆಯರಾಗಿ ಸಿದ್ಧಗೊಳಿಸುವ ಕೆಲಸಕ್ಕೆ ಇಡೀ ಬದುಕನ್ನು ಕೊಟ್ಟವರೊಬ್ಬರು ಅದೇ ಹುಬ್ಬಳ್ಳಿಯಲ್ಲಿದ್ದರು. ಅವರೇ ಉಮಾಬಾಯಿ ಕುಂದಾಪುರ. ಸ್ವಾತಂತ್ರ್ಯ ಹೋರಾಟಗಾರ್ತಿಯೆಂದು ಅವರ ಹೆಸರು ಎಲ್ಲರಿಗೂ ಗೊತ್ತಿದೆ. ತರಬೇತಿ ಕೊಟ್ಟವರೆಂದು ಅವರನ್ನು ನೋಡಿದವರು ಕಡಿಮೆ. ಈ ಬರಹ ಆ ದಿಕ್ಕಿನಿಂದ ಅವರ ಜೀವನವನ್ನು ನೋಡುವ ಪ್ರಯತ್ನ.

ಮಾವನ ಮನೆಯೇ ಪಾಠಶಾಲೆ

ಉಮಾಬಾಯಿಯವರು ಹುಟ್ಟಿದ್ದು 1892ರಲ್ಲಿ, ಮಂಗಳೂರಿನ ಗೋಳಿಕೇರಿ ಮನೆತನದಲ್ಲಿ. ತವರಿನ ಹೆಸರು ಭವಾನಿ. ಆ ಕಾಲದ ರೂಢಿಯಂತೆ ಬಾಲ್ಯದಲ್ಲೇ ಮದುವೆಯಾಯಿತು. ಪತಿ ಸಂಜೀವರಾವ್ ಕುಂದಾಪುರ, ಮನೆ ಮುಂಬೈಯಲ್ಲಿ. 1901ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಕ್ಷರ ಬಲ್ಲ ಮಹಿಳೆಯರು ನೂರಕ್ಕೆ ಒಬ್ಬರೂ ಇರಲಿಲ್ಲ. ಅಂಥ ಕಾಲದಲ್ಲಿ ಮದುವೆಯೆಂದರೆ ಹುಡುಗಿಯ ಓದು ಮುಗಿಯಿತೆಂದೇ ಅರ್ಥ. ಉಮಾಬಾಯಿಯವರ ಪಾಲಿಗೆ ಹಾಗಾಗಲಿಲ್ಲ. ಮಾವ ಆನಂದರಾವ್ ಕುಂದಾಪುರ ಅವರು ಸಮಾಜ ಸುಧಾರಣೆಯಲ್ಲಿ ನಂಬಿಕೆಯುಳ್ಳವರು. ಹೆಣ್ಣುಮಕ್ಕಳು ಓದಬೇಕು ಎಂಬುದನ್ನು ಸಭೆಗಳಲ್ಲಿ ಹೇಳಿ ಸುಮ್ಮನಾಗದೆ ತಮ್ಮ ಸೊಸೆಯಿಂದಲೇ ಅದನ್ನು ಆರಂಭಿಸಿದರು. ಸೊಸೆ ಮದುವೆಯ ನಂತರ ಓದು ಮುಂದುವರಿಸಿ ಮೆಟ್ರಿಕ್ ಪರೀಕ್ಷೆ ಪಾಸಾದರು.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಉಮಾಬಾಯಿಯವರು ತಾವು ಕಲಿತದ್ದನ್ನು ಮನೆಯೊಳಗೇ ಇಟ್ಟುಕೊಳ್ಳಲಿಲ್ಲ. ಮುಂಬೈಯ ಗಾಂವದೇವಿ ಮಹಿಳಾ ಸಮಾಜದಲ್ಲಿ ಮಾವನವರಿಗೆ ನೆರವಾಗಿ ಹೆಂಗಸರಿಗೆ ಪಾಠ ಹೇಳತೊಡಗಿದರು. ಯಾವ ತರಬೇತಿ ಕಾಲೇಜಿನ ಪ್ರಮಾಣಪತ್ರವೂ ಅವರ ಬಳಿ ಇರಲಿಲ್ಲ. ಆದರೆ ತಾವೇ ತಡವಾಗಿ, ಮನೆಗೆಲಸದ ನಡುವೆ, ಸಂಸಾರದ ಹೊಣೆ ಹೊತ್ತು ಓದಿದವರಾದ್ದರಿಂದ ಎದುರಿಗೆ ಕುಳಿತ ಹೆಂಗಸಿನ ಕಷ್ಟ ಅವರಿಗೆ ತಿಳಿದಿತ್ತು. ಇಂದು ನಾವು ಕಲಿಯುವವರ ಪೂರ್ವಜ್ಞಾನ, ಕಲಿಕೆಯ ಸನ್ನಿವೇಶ ಎಂದು ಪಾಠಯೋಜನೆಯಲ್ಲಿ ಬರೆಯುವ ಮಾತುಗಳ ಹುರುಳು ಇದೇ.

1920ರ ಆಗಸ್ಟ್ 1ರಂದು ಮುಂಬೈಯಲ್ಲಿ ಲೋಕಮಾನ್ಯ ತಿಲಕರು ತೀರಿಕೊಂಡರು. ಅವರ ಅಂತ್ಯಯಾತ್ರೆಗೆ ಕೂಡಿದ ಜನಸಾಗರ ಉಮಾಬಾಯಿಯವರ ಮನಸ್ಸಿನ ಮೇಲೆ ಆಳವಾದ ಪರಿಣಾಮ ಮಾಡಿತು. ಅಲ್ಲಿಂದ ಖಾದಿ, ಸ್ವದೇಶಿ, ಸೇವೆ ಅವರ ದಿನಚರಿಯಾದವು. 1923ರಲ್ಲಿ ಸಂಜೀವರಾವ್ ತೀರಿಕೊಂಡರು. ಆ ದಿನಗಳಲ್ಲಿ ವಿಧವೆಗೆ ಸಮಾಜ ಉಳಿಸಿದ್ದು ಮನೆಯ ಒಂದು ಮೂಲೆಯನ್ನು ಮಾತ್ರ. ಆನಂದರಾಯರು ಸೊಸೆಯನ್ನು ಆ ಮೂಲೆಗೆ ತಳ್ಳಲಿಲ್ಲ. ಹುಬ್ಬಳ್ಳಿಗೆ ಬಂದು ಕರ್ನಾಟಕ ಪ್ರೆಸ್ ನಡೆಸಿದರು. ಸೊಸೆಗೆ ಸಾರ್ವಜನಿಕ ಕೆಲಸದ ದಾರಿ ತೆರೆದುಕೊಟ್ಟರು.

ಹುಬ್ಬಳ್ಳಿಯ ಕನ್ಯಾಶಾಲೆ ಮತ್ತು ಸೇವಾದಳ

ಆಗ ಹುಬ್ಬಳ್ಳಿಯಲ್ಲಿ ಡಾ. ನಾ. ಸು. ಹರ್ಡೀಕರ ಅವರು ಕೆಲಸ ಆರಂಭಿಸಿದ್ದರು. ವೈದ್ಯರಾಗಿದ್ದ ಅವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ವಿಷಯವನ್ನು ಓದಿ ಬಂದವರು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಹುಬ್ಬಳ್ಳಿಯ ಸ್ವಯಂಸೇವಕರು ಸೆರೆಮನೆಯ ಕಷ್ಟಕ್ಕೆ ಬಗ್ಗದೆ, ಕ್ಷಮಾಪಣೆ ಬರೆದುಕೊಡದೆ ನಿಂತರು. ಉತ್ಸಾಹವೊಂದೇ ಸಾಲದು, ಶಿಸ್ತಿನ ತರಬೇತಿ ಬೇಕು ಎಂಬ ಹರ್ಡೀಕರರ ವಿಚಾರಕ್ಕೆ ಇದರಿಂದ ಬಲ ಬಂತು. ಅದೇ ವರ್ಷದ ಕೊನೆಗೆ ಕಾಕಿನಾಡದಲ್ಲಿ ಹಿಂದುಸ್ತಾನಿ ಸೇವಾದಳ ರೂಪುಗೊಂಡಿತು. ಅದರ ಕೇಂದ್ರ ಹುಬ್ಬಳ್ಳಿಯಾಯಿತು.

ಉಮಾಬಾಯಿಯವರು ಈ ದಳದ ಮಹಿಳಾ ವಿಭಾಗದ ಮುಂದಾಳಾದರು. ಹರ್ಡೀಕರರು ಆರಂಭಿಸಿದ್ದ ತಿಲಕ ಕನ್ಯಾ ಶಾಲೆಯ ಹೊಣೆಯನ್ನೂ ಹೊತ್ತರು. ಹೆಂಗಸರಿಗಾಗಿ ಭಗಿನಿ ಮಂಡಳ ಕಟ್ಟಿದರು. ಹುಡುಗಿಯರಿಗೆ ಶಾಲೆ, ದೊಡ್ಡವರಿಗೆ ಮಂಡಳ, ಮುಂದೆ ಬಂದವರಿಗೆ ಸೇವಾದಳ: ಒಂದಕ್ಕೊಂದು ಜೋಡಿಸಿದ ಈ ಮೂರು ಮೆಟ್ಟಿಲುಗಳನ್ನು ನಾವು ಬೇರೆಬೇರೆಯಾಗಿ ನೋಡಬಾರದು. ಶಾಲೆಯ ಮಗು ಮನೆಗೆ ಹೋದಾಗ ತಾಯಿಯ ಬೆಂಬಲ ಇಲ್ಲದಿದ್ದರೆ ಕಲಿಕೆ ನಿಲ್ಲುತ್ತದೆ. ತಾಯಿಯನ್ನು ಮಂಡಳಕ್ಕೆ ಕರೆತಂದರೆ ಮಗಳ ಶಾಲೆಯೂ ಉಳಿಯುತ್ತದೆ.

ಬೆಳಗಾವಿಯಲ್ಲಿ ಪರೀಕ್ಷೆ

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವದು. ಸ್ವಯಂಸೇವಕರ ವ್ಯವಸ್ಥೆ ಹರ್ಡೀಕರರದು. ಮಹಿಳಾ ಸ್ವಯಂಸೇವಕಿಯರನ್ನು ಒದಗಿಸುವ ಹೊಣೆ ಉಮಾಬಾಯಿಯವರ ಮೇಲೆ ಬಿತ್ತು. ಅವರು ಊರೂರು ತಿರುಗಿ 150ಕ್ಕೂ ಹೆಚ್ಚು ಹೆಂಗಸರನ್ನು ಕೂಡಿಸಿದರು. ಅವರಲ್ಲಿ ಬೇರೆಬೇರೆ ಜಾತಿಯವರಿದ್ದರು, ವಿಧವೆಯರಿದ್ದರು, ಮನೆಯ ಹೊಸ್ತಿಲು ದಾಟಿ ಸಾರ್ವಜನಿಕ ಕೆಲಸಕ್ಕೆ ಮೊದಲ ಸಲ ಬಂದವರಿದ್ದರು.

ಸಂಖ್ಯೆಗಿಂತ ಅದರ ಹಿಂದಿನ ಕೆಲಸ ದೊಡ್ಡದು. ಹೆಣ್ಣುಮಗಳೊಬ್ಬಳನ್ನು ಪರಊರಿಗೆ ಕಳಿಸಲು ಮನೆಯವರನ್ನು ಒಪ್ಪಿಸಬೇಕು. ಜಾತಿಯ ಅಡ್ಡಗೋಡೆಗಳ ನಡುವೆ ಬೆಳೆದವರನ್ನು ಒಂದೇ ಕೆಲಸಕ್ಕೆ ಜೊತೆಗೂಡಿಸಬೇಕು. ಮಾತನಾಡಲು ಹೆದರುವವರಿಗೆ ಅಪರಿಚಿತರ ದೊಡ್ಡ ಗುಂಪನ್ನು ನಿಭಾಯಿಸುವ ಧೈರ್ಯ ತುಂಬಬೇಕು. ಇದ್ಯಾವುದೂ ಭಾಷಣದಿಂದ ಆಗುವಂಥದ್ದಲ್ಲ. ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಅನೇಕರಿಗೆ ಮೊದಲ ಪಾಠದ ದಿನ ತರಗತಿಯ ಮುಂದೆ ನಿಂತಾಗ ಗಂಟಲು ಒಣಗುತ್ತದೆ. ಬೆಳಗಾವಿಗೆ ಬಂದ ಆ ಹೆಂಗಸರ ಸ್ಥಿತಿಯನ್ನು ಅವರು ಸುಲಭವಾಗಿ ಊಹಿಸಬಲ್ಲರು. ಧೈರ್ಯ ಬರುವುದು ಹೊಣೆ ಹೊತ್ತು ಕೆಲಸ ಮಾಡಿದಾಗ, ಪಕ್ಕದಲ್ಲಿ ಅನುಭವಿಯೊಬ್ಬರು ಇದ್ದಾಗ. ಉಮಾಬಾಯಿಯವರು ಆ ಹೆಂಗಸರ ಪಕ್ಕದಲ್ಲಿದ್ದರು.

ಬೀಗ ಬಿದ್ದ ಶಾಲೆ

1930ರ ಉಪ್ಪಿನ ಸತ್ಯಾಗ್ರಹದ ನಂತರ ಸರಕಾರದ ಕೈ ಬಿಗಿಯಾಯಿತು. 1932ರಲ್ಲಿ ಉಮಾಬಾಯಿಯವರನ್ನು ಬಂಧಿಸಿ ನಾಲ್ಕು ತಿಂಗಳು ಯರವಡಾ ಸೆರೆಮನೆಯಲ್ಲಿಟ್ಟರು. ಸೇವಾದಳದ ಮೇಲೆ ನಿಷೇಧ ಬಿತ್ತು. ಕರ್ನಾಟಕ ಪ್ರೆಸ್ ಜಪ್ತಿಯಾಯಿತು. ಶಾಲೆಗೆ ಬೀಗಮುದ್ರೆ ಬಿತ್ತು. ಭಗಿನಿ ಮಂಡಳ ಕಾನೂನುಬಾಹಿರ ಸಂಸ್ಥೆಯೆನಿಸಿತು. ಇದೇ ಸಂಕಟದ ಕಾಲದಲ್ಲಿ, ತಂದೆಗಿಂತ ಹೆಚ್ಚಾಗಿ ಬೆನ್ನಿಗೆ ನಿಂತಿದ್ದ ಮಾವನವರನ್ನೂ ಅವರು ಕಳೆದುಕೊಂಡರು.

ಹತ್ತು ವರ್ಷಗಳಲ್ಲಿ ಕಟ್ಟಿದ್ದೆಲ್ಲ ಒಮ್ಮೆಲೆ ಹೋಯಿತು. ಕಟ್ಟಡವಿಲ್ಲ, ಮುದ್ರಣಾಲಯವಿಲ್ಲ, ಸಂಸ್ಥೆಯ ಹೆಸರನ್ನು ಹೇಳುವಂತಿಲ್ಲ. ಉಳಿದದ್ದು ತಯಾರಾದ ಜನ ಮಾತ್ರ. ಸೆರೆಮನೆಯಿಂದ ಬಿಡುಗಡೆಯಾಗಿ ಬಂದ ಎಷ್ಟೋ ಹೆಂಗಸರಿಗೆ ಊರಿಗೆ ಹೋಗಲು ಹಣವಿರಲಿಲ್ಲ, ಮನೆಯಲ್ಲಿ ಸೇರಿಸಿಕೊಳ್ಳುವರೆಂಬ ಭರವಸೆಯೂ ಇರಲಿಲ್ಲ. ಉಮಾಬಾಯಿಯವರು ಅಂಥವರಿಗೆ ತಮ್ಮ ಮನೆಯಲ್ಲೇ ಆಸರೆ ಕೊಟ್ಟರು.

1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾಯಿತು. ಉಮಾಬಾಯಿಯವರು ಸ್ವಯಂಸೇವಕರೊಂದಿಗೆ ಅಲ್ಲಿಗೆ ಹೋಗಿ ನಿರಾಶ್ರಿತರ ಶಿಬಿರಗಳಲ್ಲಿ ಹಗಲಿರುಳು ದುಡಿದರು. ಹುಬ್ಬಳ್ಳಿಯಲ್ಲಿ ಶಾಲೆಗೆ ಬೀಗ ಬಿದ್ದರೂ ಅಲ್ಲಿ ಕಲಿತ ಶಿಸ್ತು ಗೊತ್ತಿಲ್ಲದ ನಾಡಿನಲ್ಲಿ ಕೆಲಸಕ್ಕೆ ಬಂತು. 1942ರ ಚಳವಳಿಯಲ್ಲಿ ಭೂಗತರಾಗಿ ಕೆಲಸ ಮಾಡುವವರಿಗೆ ಅವರ ಮನೆಯೇ ಅಡಗುದಾಣವಾಯಿತು.

ಕಸ್ತೂರಬಾ ಟ್ರಸ್ಟಿನ ಗ್ರಾಮಸೇವಿಕೆಯರು

1944ರ ಫೆಬ್ರವರಿ 22ರಂದು ಪುಣೆಯ ಆಗಾಖಾನ್ ಅರಮನೆಯ ಬಂಧನದಲ್ಲಿ ಕಸ್ತೂರಬಾ ತೀರಿಕೊಂಡರು. ಅವರ ನೆನಪಿಗೆ 75 ಲಕ್ಷ ರೂಪಾಯಿ ನಿಧಿ ಕೂಡಿಸುವ ಸಂಕಲ್ಪವಾಯಿತು. ಜನ ಅದಕ್ಕಿಂತ ಹೆಚ್ಚು ಕೊಟ್ಟರು. ಈ ಹಣ ಹಳ್ಳಿಯ ಹೆಂಗಸರು ಮತ್ತು ಮಕ್ಕಳಿಗಾಗಿಯೇ ಬಳಕೆಯಾಗಬೇಕು, ಕೆಲಸ ಮಾಡುವವರೂ ಹೆಂಗಸರೇ ಆಗಿರಬೇಕು ಎಂಬುದು ಗಾಂಧೀಜಿಯ ಅಪೇಕ್ಷೆ. ಹೀಗೆ ಕಸ್ತೂರಬಾ ಗಾಂಧಿ ರಾಷ್ಟ್ರೀಯ ಸ್ಮಾರಕ ಟ್ರಸ್ಟ್ ಹುಟ್ಟಿತು. 1946ರಲ್ಲಿ ಕರ್ನಾಟಕ ಶಾಖೆಯ ಪ್ರತಿನಿಧಿಯಾಗಿ ಗಾಂಧೀಜಿ ಉಮಾಬಾಯಿಯವರನ್ನು ನೇಮಿಸಿದರು.

ಟ್ರಸ್ಟಿನ ಕೆಲಸದ ತಿರುಳು ಗ್ರಾಮಸೇವಿಕೆಯರ ತರಬೇತಿ. ಹಳ್ಳಿಗೆ ಹೋಗಿ ಅಲ್ಲೇ ನೆಲೆಸಿ ಕೆಲಸ ಮಾಡುವ ಹೆಣ್ಣುಮಗಳಿಗೆ ಏನೆಲ್ಲ ಗೊತ್ತಿರಬೇಕು? ಅಕ್ಷರ ಕಲಿಸಲು ಬರಬೇಕು, ಚಿಕ್ಕ ಮಕ್ಕಳನ್ನು ಕೂಡಿಸಿ ಬಾಲವಾಡಿ ನಡೆಸಲು ಬರಬೇಕು. ಶುಚಿತ್ವ, ಆಹಾರ, ಮಕ್ಕಳ ಪಾಲನೆ ತಿಳಿದಿರಬೇಕು. ಬಾಣಂತಿಯ ಆರೈಕೆ ಗೊತ್ತಿರಬೇಕು. ನೂಲುವುದು ಗೊತ್ತಿರಬೇಕು. ಶಿಕ್ಷಕಿ ಬೇರೆ, ದಾದಿ ಬೇರೆ ಎಂದು ವಿಂಗಡಿಸುವ ಅನುಕೂಲ ಹಳ್ಳಿಗೆ ಇರಲಿಲ್ಲ. ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯ ಸಮಿತಿ ದೇಶದ ಆರೋಗ್ಯ ಸ್ಥಿತಿಯ ಕುರಿತು ವರದಿ ಕೊಟ್ಟದ್ದೂ 1946ರಲ್ಲೇ. ತರಬೇತಾದ ದಾದಿಯರು, ಸೂಲಗಿತ್ತಿಯರು ಎಷ್ಟು ಕಡಿಮೆ ಎಂಬುದನ್ನು ಆ ವರದಿ ತೋರಿಸಿತು. 1951ರ ಜನಗಣತಿಯಲ್ಲಿ ಮಹಿಳಾ ಸಾಕ್ಷರತೆ ಇನ್ನೂ ಶೇ. 8.86. ಹಾಗೆಂದರೆ ಶಿಕ್ಷಕಿಯಾಗಲು, ದಾದಿಯಾಗಲು ಬೇಕಾದ ಓದು ಇದ್ದವರನ್ನು ಹುಡುಕಿ ತರುವುದೇ ಕಷ್ಟವಾಗಿತ್ತು. ಓದು ಅಲ್ಪವಿದ್ದರೂ ಮನಸ್ಸಿದ್ದವರನ್ನು ತಂದು, ಓದಿಸಿ, ಕೆಲಸ ಕಲಿಸಿ ಕಳಿಸಬೇಕಾಗಿತ್ತು.

ಅಂಥ ಕೆಲಸಕ್ಕೆ ಉಮಾಬಾಯಿಯವರಿಗಿಂತ ತಕ್ಕವರು ಸಿಗುವುದು ಕಷ್ಟವಿತ್ತು. ಮದುವೆಯ ನಂತರ ಮೆಟ್ರಿಕ್ ಮುಗಿಸಿದ ಸೊಸೆ, ವಿಧವೆಯರನ್ನು ಬೆಳಗಾವಿಗೆ ಕರೆತಂದ ಮುಂದಾಳು, ಬೀಗ ಬಿದ್ದ ಶಾಲೆಯ ನಡೆಸುವವರು, ಬಿಹಾರದ ಶಿಬಿರದ ಸೇವಿಕೆ ಎಲ್ಲರೂ ಅವರೇ. ಹಣ ಸಾಲದಾದಾಗ ಅವರು ಮನೆಮನೆಗೆ ಹೋಗಿ ಕೈಯೊಡ್ಡಿದರು. ಹಿರಿಯ ವಯಸ್ಸಿನಲ್ಲಿ, ಇನ್ನೊಬ್ಬರ ಹೆಣ್ಣುಮಕ್ಕಳ ತರಬೇತಿಗಾಗಿ ಹೀಗೆ ಬೇಡುವುದನ್ನು ಅವರು ಕೀಳೆಂದು ತಿಳಿಯಲಿಲ್ಲ.

ಕೊನೆಯ ವರ್ಷಗಳು

ಸ್ವಾತಂತ್ರ್ಯ ಬಂದ ಮೇಲೆ ಉಮಾಬಾಯಿಯವರು ಅಧಿಕಾರದ ಕಡೆ ತಿರುಗಿ ನೋಡಲಿಲ್ಲ. ಹೋರಾಟಗಾರರಿಗೆ ಸಲ್ಲುವ ತಾಮ್ರಪತ್ರವನ್ನೂ ಪಿಂಚಣಿಯನ್ನೂ ಒಲ್ಲೆನೆಂದರು. ಹುಬ್ಬಳ್ಳಿಯಲ್ಲಿ ಡಾ. ಹರ್ಡೀಕರರು ಒದಗಿಸಿದ್ದ ಆನಂದ ಸ್ಮೃತಿ ಎಂಬ ಚಿಕ್ಕ ಮನೆಯಲ್ಲಿ ಸರಳವಾಗಿ ಬದುಕಿ 1992ರಲ್ಲಿ ತೀರಿಕೊಂಡರು.

ನಮ್ಮ ಬೋಧನಾಭ್ಯಾಸಕ್ಕೆ ಸಲ್ಲುವ ಮಾತು

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಗಿ ಅಂಗನವಾಡಿಗಳು ಬಂದವು. 2005ರ ನಂತರ ಆಶಾ ಕಾರ್ಯಕರ್ತೆಯರು ಬಂದರು. ಇವರ ಕೆಲಸದ ಪಟ್ಟಿಯನ್ನು ಕಸ್ತೂರಬಾ ಟ್ರಸ್ಟಿನ ಗ್ರಾಮಸೇವಿಕೆಯ ಕೆಲಸದೊಂದಿಗೆ ಇಟ್ಟು ನೋಡಿದರೆ ಹೋಲಿಕೆ ಎದ್ದು ಕಾಣುತ್ತದೆ. ಆದರೂ ಶಿಕ್ಷಕರ ತರಬೇತಿಯಲ್ಲಿ ನಾವು ಇವರನ್ನು ಸಹೋದ್ಯೋಗಿಗಳೆಂದು ನೋಡುವುದು ವಿರಳ. ಒಂದನೆಯ ತರಗತಿಗೆ ಬರುವ ಮಗು ಅಂಗನವಾಡಿಯಿಂದ ಬರುತ್ತದೆ. ಆ ಮಗುವಿನ ತಾಯಿಯ ಬಸಿರಿನ ದಿನಗಳಿಂದಲೂ ಆ ಮನೆಯನ್ನು ಆಶಾ ಕಾರ್ಯಕರ್ತೆ ಬಲ್ಲಳು. ಪದೇ ಪದೇ ಗೈರಾಗುವ ಮಗುವಿನ ಬಗ್ಗೆ ಶಾಲೆಯ ಹಾಜರಿ ಪುಸ್ತಕ ಹೇಳದ ಸಂಗತಿ ಆಕೆಗೆ ಗೊತ್ತಿರುತ್ತದೆ.

ಬೋಧನಾಭ್ಯಾಸದ ಅವಧಿಯಲ್ಲಿ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ತನ್ನ ಅಭ್ಯಾಸ ಶಾಲೆಯ ಸಮೀಪದ ಅಂಗನವಾಡಿಯಲ್ಲಿ ಒಂದು ಮುಂಜಾನೆ ಕುಳಿತು ಅವಲೋಕನ ಮಾಡಿದರೆ, ಆ ಭಾಗದ ಆಶಾ ಕಾರ್ಯಕರ್ತೆಯೊಂದಿಗೆ ಮಾತನಾಡಿ ಎರಡು ಪುಟ ಬರೆದರೆ ಅದು ಯಾವ ಹೆಚ್ಚುವರಿ ಖರ್ಚೂ ಇಲ್ಲದ ಪಾಠ. ಮಾರ್ಗದರ್ಶಕರು ಪಾಠದ ವೀಕ್ಷಣೆಯ ಜೊತೆಗೆ ಆ ಎರಡು ಪುಟಗಳನ್ನೂ ಓದಿ ಚರ್ಚಿಸಬೇಕು. ಇನ್ನೊಂದು ಮಾತು ತರಬೇತಿ ಕೊಡುವ ನಮಗೆ. ಉಮಾಬಾಯಿಯವರು ತಾವು ಸಿದ್ಧಗೊಳಿಸಿದವರಿಗೆ ಕಷ್ಟದ ಕಾಲದಲ್ಲಿ ಮನೆಯ ಬಾಗಿಲು ತೆರೆದರು. ನಮ್ಮ ಕಾಲೇಜುಗಳಲ್ಲಿ ಅಂಕಪಟ್ಟಿ ಕೈಗೆ ಬಂದ ದಿನ ಸಂಬಂಧ ಮುಗಿಯುತ್ತದೆ. ಹೊಸದಾಗಿ ನೌಕರಿಗೆ ಸೇರಿದ ಶಿಕ್ಷಕಿ ದೂರದ ಹಳ್ಳಿಯಲ್ಲಿ, ಬಹುವರ್ಗದ ತರಗತಿಯಲ್ಲಿ ಒಬ್ಬಳೇ ನಿಂತಾಗ ಯಾರನ್ನು ಕೇಳಬೇಕೆಂದು ತೋಚದೆ ಕುಳಿತಿರುತ್ತಾಳೆ. ಮೊದಲ ವರ್ಷದಲ್ಲಿ ಒಂದೆರಡು ಸಲವಾದರೂ ಹಳೆಯ ಪ್ರಶಿಕ್ಷಣಾರ್ಥಿಗಳನ್ನು ಕೂಡಿಸಿ ಅವರ ತೊಡಕುಗಳನ್ನು ಕೇಳುವ ಏರ್ಪಾಡನ್ನು ಪ್ರತಿ ತರಬೇತಿ ಕಾಲೇಜೂ ಮಾಡಿಕೊಳ್ಳಬಹುದು. ಬರುವ ವರ್ಷದ ಕಾರ್ಯಯೋಜನೆ ಬರೆಯುವಾಗ ಇದಕ್ಕೊಂದು ದಿನಾಂಕ ಗೊತ್ತುಪಡಿಸೋಣ.