ಹೆಂಡತಿಯ ಒಡವೆ ಅಡವಿಟ್ಟ ಧಣಿ

ಬೆಂಗಳೂರಿನಲ್ಲಿ ಯಶವಂತಪುರದ ಕಡೆ ಹೋಗುವ ಸಿಟಿ ಬಸ್ಸಿನಲ್ಲಿ ಕಂಡಕ್ಟರು ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕೂಗಿದರೆ ಇಳಿಯುವವರು ಇಳಿಯುತ್ತಾರೆ. ಸಂಸ್ಥೆಯ ಹೆಸರು ಅದಲ್ಲ, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್. ಆದರೂ ಜನರ ಬಾಯಲ್ಲಿ ಅದು ಟಾಟಾನೇ. ಹಾಗೇ ನಮ್ಮ ಕಡೆ ಯಾರ ಮನೆಯಲ್ಲಾದರೂ ಕ್ಯಾನ್ಸರ್ ಅಂತ ಡಾಕ್ಟರು ಹೇಳಿದರೆ, ಬಾಂಬೆ ಟಾಟಾಗೆ ಒಮ್ಮೆ ತೋರಿಸಿ ಅನ್ನುವ ಮಾತು ಬಂದೇ ಬರುತ್ತದೆ. ಈ ಟಾಟಾ ಯಾರು? ಲಾರಿಯವರೋ, ಉಪ್ಪಿನವರೋ, ಟೀ ಪುಡಿಯವರೋ?

ಹೆಸರು ದೊಡ್ಡದು ಮಾಡಿದವರು ಅಪ್ಪ ಜಮ್‌ಶೆಟ್‌ಜಿ. ಕನಸು ಕಂಡವರೂ ಅವರೇ. ಆದರೆ ಆ ಕನಸಿಗೆಲ್ಲ ದುಡ್ಡು ಹೊಂದಿಸಿ, ಕಟ್ಟಿ ನಿಲ್ಲಿಸಿ, ಕೊನೆಗೆ ತನ್ನ ಪಾಲಿಗೆ ಬಂದಿದ್ದನ್ನೆಲ್ಲ ಊರವರಿಗೆ ಬರೆದುಕೊಟ್ಟು ಹೋದವರು ಹಿರಿಯ ಮಗ ಸರ್ ದೊರಾಬ್ಜಿ ಟಾಟಾ. ಅಪ್ಪನ ನೆರಳಿನಲ್ಲಿ ಇವರ ಹೆಸರು ಅರ್ಧ ಮುಚ್ಚಿಹೋಗಿದೆ.

ದೊರಾಬ್ಜಿ ಹುಟ್ಟಿದ್ದು 1859ರ ಆಗಸ್ಟ್ 27ರಂದು. 1877ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಓದಲು ಹೋದರು. ಎರಡು ವರ್ಷಕ್ಕೆ ವಾಪಸು ಬಂದು ಬೊಂಬಾಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ 1882ರಲ್ಲಿ ಬಿ.ಎ. ಮುಗಿಸಿದರು. ಆಮೇಲೆ ಮಾಡಿದ ಕೆಲಸ ಕೇಳಿದರೆ ಆಶ್ಚರ್ಯವಾಗುತ್ತೆ. ಕೋಟ್ಯಧೀಶನ ಮಗ ಎರಡು ವರ್ಷ ಬಾಂಬೆ ಗೆಜೆಟ್ ಪತ್ರಿಕೆಯಲ್ಲಿ ಸುದ್ದಿ ಬರೆಯುತ್ತಾ ಕೂತಿದ್ದರು! 1884ರಲ್ಲಿ ಅಪ್ಪನ ಹತ್ತಿ ವ್ಯವಹಾರಕ್ಕೆ ಸೇರಿದ ಮೇಲೆ ಪೆನ್ನು ಬಿಟ್ಟಿತು, ಲೆಕ್ಕದ ಪುಸ್ತಕ ಹಿಡಿಯಿತು.

ಇವರು ಮೈಸೂರಿನ ಅಳಿಯ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ದೊಡ್ಡ ಹುದ್ದೆಯಲ್ಲಿ ಹೊರ್ಮಸ್‌ಜಿ ಭಾಭಾ ಅನ್ನುವ ಪಾರ್ಸಿ ಮಹನೀಯರಿದ್ದರು. ಅವರ ಮಗಳು ಮೆಹೆರ್‌ಬಾಯಿ. ಜಮ್‌ಶೆಟ್‌ಜಿಯವರು ಆ ಮನೆಗೆ ಹೋಗಿ ಬಂದವರು, ಹುಡುಗಿಯನ್ನು ಮೆಚ್ಚಿಕೊಂಡು ಮಗನನ್ನು ಮೈಸೂರಿಗೆ ಕಳಿಸಿದರು. 1898ರಲ್ಲಿ ಮದುವೆ. ಗಂಡಿಗೆ 38, ಹೆಣ್ಣಿಗೆ 18. ವಯಸ್ಸಿನ ಅಂತರ ಹೆಚ್ಚೇ, ಆದರೆ ದಂಪತಿ ಅನ್ಯೋನ್ಯವಾಗಿದ್ದರು. ಆಕೆ ಸೀರೆಯುಟ್ಟೇ ಟೆನಿಸ್ ಆಡಿ ಗೆದ್ದವರು, ಬಾಲ್ಯವಿವಾಹ ತಡೆಯುವ ಕಾಯಿದೆ ಬೇಕೆಂದು ಓಡಾಡಿದವರು. ಮಕ್ಕಳಾಗಲಿಲ್ಲ.

1904ರಲ್ಲಿ ಜಮ್‌ಶೆಟ್‌ಜಿ ಜರ್ಮನಿಯಲ್ಲಿ ತೀರಿಕೊಂಡರು. ಉಕ್ಕಿನ ಕಾರ್ಖಾನೆ, ನೀರಿನಿಂದ ಕರೆಂಟು, ವಿಜ್ಞಾನದ ವಿದ್ಯಾಲಯ - ಮೂರೂ ಕಾಗದದ ಮೇಲೇ ಉಳಿದಿದ್ದವು. ವಿದ್ಯಾಲಯಕ್ಕೆ ಅಪ್ಪ ತಮ್ಮ ಬೊಂಬಾಯಿಯ ಕಟ್ಟಡಗಳನ್ನು ಕೊಡುತ್ತೇನೆ ಅಂದಿದ್ದರು. ಅಪ್ಪನ ಮಾತು ಅಪ್ಪನ ಜತೆಗೇ ಹೋಯಿತು ಅಂತ ಮಕ್ಕಳು ಕೈತೊಳೆದುಕೊಳ್ಳಬಹುದಿತ್ತು. ದೊರಾಬ್ಜಿ ಮತ್ತು ತಮ್ಮ ರತನ್‌ಜಿ ಹಾಗೆ ಮಾಡಲಿಲ್ಲ. ಮೈಸೂರು ಸರ್ಕಾರ 371 ಎಕರೆ ಜಾಗ ಕೊಟ್ಟಿತು, 1909ರಲ್ಲಿ ಸಂಸ್ಥೆ ಆಯಿತು. ಬಸ್ ಕಂಡಕ್ಟರು ಕೂಗುವುದು ಇದನ್ನೇ.

ಉಕ್ಕಿನ ಕಾರ್ಖಾನೆಗೆ ಲಂಡನ್ನಿನ ಸಾಹುಕಾರರು ಕೈ ಎತ್ತಿಬಿಟ್ಟರು. 1907ರಲ್ಲಿ ಇಲ್ಲೇ ಷೇರು ಮಾರಾಟಕ್ಕಿಟ್ಟರು. ಮೂರು ವಾರದಲ್ಲಿ ಸುಮಾರು 8,000 ಜನ ಸೇರಿ 2 ಕೋಟಿ 32 ಲಕ್ಷ ರೂಪಾಯಿ ಹಾಕಿದರು. 1912ರ ಫೆಬ್ರವರಿಯಲ್ಲಿ ಮೊದಲ ಉಕ್ಕಿನ ಗಟ್ಟಿ ಹೊರಬಿತ್ತು.

ನಡುವೆ ಒಂದು ಬೆಳಗಾವಿ ಮಾತು ಹೇಳಬೇಕು. ಪುಣೆಯಲ್ಲಿ ಬರಿಗಾಲಲ್ಲಿ ಓಡುವ ಹಳ್ಳಿ ಹುಡುಗರನ್ನು ನೋಡಿ ದೊರಾಬ್ಜಿಗೆ ಇವರನ್ನು ಒಲಿಂಪಿಕ್ಸ್‌ಗೆ ಕಳಿಸಬೇಕು ಅನ್ನಿಸಿತು. 1920ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ಗೆ ನಾಲ್ಕು ಓಟಗಾರರು, ಇಬ್ಬರು ಪೈಲ್ವಾನರು ಹೊರಟರು. ಖರ್ಚಿಗೆ ಕೈಯಿಂದ ದುಡ್ಡು ಹಾಕಿದವರಲ್ಲಿ ದೊರಾಬ್ಜಿಯೇ ಮುಂದು. ಅದರಲ್ಲಿ ಫಡೆಪ್ಪ ದಾರೆಪ್ಪ ಚೌಗುಲೆ ನಮ್ಮ ಬೆಳಗಾವಿಯವರು. ಮ್ಯಾರಥಾನಿನಲ್ಲಿ 19ನೆಯವರಾಗಿ ಬಂದರು.

ಸಂಬಳಕ್ಕೆ ದುಡ್ಡಿಲ್ಲ!

ಅಂಗಡಿ ಇಟ್ಟವರಿಗೆ ಗೊತ್ತು, ಗಿರಾಕಿ ಇಲ್ಲದ ದಿನಕ್ಕಿಂತ ತಿಂಗಳ ಮೊದಲ ದಿನ ಕಷ್ಟ. ಕೈಕೆಳಗಿನ ಹುಡುಗರು ಎದುರಿಗೆ ನಿಂತಿರುತ್ತಾರೆ, ಗಲ್ಲಾ ಖಾಲಿ. 1924ರಲ್ಲಿ ಟಾಟಾ ಉಕ್ಕಿನ ಕಂಪನಿಗೆ ಇದೇ ಗತಿ ಬಂತು. ಯುದ್ಧ ಮುಗಿದಿತ್ತು, ಖರ್ಚು ಏರಿತ್ತು, ಪರದೇಶದ ಅಗ್ಗದ ಉಕ್ಕು ಬಂದರಿಗೆ ಬಂದು ಬೀಳುತ್ತಿತ್ತು. ಅದಕ್ಕೆ ಸರಿಯಾಗಿ ಕಾರ್ಖಾನೆ ದೊಡ್ಡದು ಮಾಡಲು ಸಾಲ ಬೇರೆ. ಒಂದು ದಿನ ಜಮ್‌ಶೆಡ್‌ಪುರದಿಂದ ತಂತಿ ಬಂತು. ಕೂಲಿಗಳ ಸಂಬಳಕ್ಕೆ ದುಡ್ಡಿಲ್ಲ.

ಆಗ ದೊರಾಬ್ಜಿಗೆ 65ರ ಹತ್ತಿರ ವಯಸ್ಸು. ಕಂಪನಿ ಲಿಮಿಟೆಡ್, ಮುಳುಗಿದರೆ ಮುಳುಗಲಿ, ಮನೆ ಆಸ್ತಿಗೆ ಏನೂ ಆಗುವುದಿಲ್ಲ ಅಂತ ಕೂರಬಹುದಿತ್ತು. ಕಾಯಿದೆ ಹೇಳುವುದೂ ಅದನ್ನೇ. ಆದರೆ ಇವರು ಇಂಪೀರಿಯಲ್ ಬ್ಯಾಂಕಿಗೆ ಹೋಗಿ (ಇವತ್ತಿನ ಸ್ಟೇಟ್ ಬ್ಯಾಂಕಿನ ಹಿಂದಿನ ಅವತಾರ) ತಮ್ಮ ಸ್ವಂತ ಆಸ್ತಿಯನ್ನೆಲ್ಲ ಒತ್ತೆ ಇಟ್ಟರು. ಅಂದಾಜು 1 ಕೋಟಿ ರೂಪಾಯಿಯದು. ಅದರೊಳಗೆ ಹೆಂಡತಿಯ ಒಡವೆಗಳೂ ಸೇರಿದ್ದವು. ಜುಬಿಲಿ ಅನ್ನುವ ವಜ್ರವೂ ಇತ್ತು. 245 ಕ್ಯಾರಟ್ಟಿನ ಹರಳು, ಕೊಹಿನೂರಿನ ಎರಡರಷ್ಟು! 1900ರ ಸುಮಾರಿಗೆ ಹೆಂಡತಿಗಾಗಿ ಕೊಂಡಿದ್ದು.

ಮನೆಯಲ್ಲಿ ಹೆಂಗಸರ ಒಡವೆ ಅಡವಿಡುವುದು ಅಂದರೆ ಏನು ಅಂತ ಬಡವನಿಗೂ ಗೊತ್ತು, ಶ್ರೀಮಂತನಿಗೂ ಗೊತ್ತು. ಮೆಹೆರ್‌ಬಾಯಿ ಅಡ್ಡಿ ಬರಲಿಲ್ಲ. ಸಾಲ ಸಿಕ್ಕಿತು, ಬಟವಾಡೆ ಆಯಿತು. ಅದೇ ವರ್ಷ ಸರ್ಕಾರ ಹೊರಗಿನ ಉಕ್ಕಿನ ಮೇಲೆ ಸುಂಕ ಹಾಕುವ ಕಾಯಿದೆ ತಂದಿತು. ಕಂಪನಿ ಮೆಲ್ಲಗೆ ಎದ್ದು ಕೂತಿತು. ಬರೀ ದಾನ ಮಾಡಿದವರನ್ನು ಹೊಗಳುವುದು ಸುಲಭ. ದುಡ್ಡು ಹೋಗಿಯೇ ಹೋಗಬಹುದು ಅನ್ನುವ ಹೊತ್ತಿನಲ್ಲಿ ಕೂಲಿಯವನ ಸಂಬಳಕ್ಕೆ ಇಟ್ಟಿದ್ದು ಅದಕ್ಕಿಂತ ದೊಡ್ಡದು ಅಂತಲೇ ಹೇಳಬೇಕು.

1931ರ ಜೂನ್ 18ರಂದು ಮೆಹೆರ್‌ಬಾಯಿ ಇಂಗ್ಲೆಂಡಿನ ಪಕ್ಕದ ವೇಲ್ಸ್‌ನಲ್ಲಿ ತೀರಿಕೊಂಡರು. ರಕ್ತದ ಕ್ಯಾನ್ಸರ್. ದೊರಾಬ್ಜಿ ಅಲ್ಲಿಗೆ ಅರ್ಧ ಮುಗಿದರು. ಮುಂದಿನ ವರ್ಷ, 1932ರಲ್ಲಿ, ಎರಡು ಟ್ರಸ್ಟ್ ಮಾಡಿದರು. ಒಂದು ಹೆಂಡತಿಯ ಹೆಸರಿನಲ್ಲಿ, ರಕ್ತದ ಕ್ಯಾನ್ಸರಿನ ಸಂಶೋಧನೆಗೆ. ಅದರ ಹೆಚ್ಚಿನ ಪಾಲು ಹಣ ಪ್ರಪಂಚದ ಯಾವ ದೇಶದ ವಿಜ್ಞಾನಿಗಾದರೂ ಹೋಗಬಹುದು. ಇನ್ನೊಂದು ತಮ್ಮ ಹೆಸರಿನ ಟ್ರಸ್ಟ್. ತಮ್ಮಲ್ಲಿದ್ದ ಷೇರು, ಆಸ್ತಿ, ಜುಬಿಲಿ ವಜ್ರ, ಎಲ್ಲವನ್ನೂ ಅದಕ್ಕೆ ಬರೆದರು. ಆಗಿನ ಬೆಲೆ ಸುಮಾರು 1 ಕೋಟಿ. ಏಪ್ರಿಲ್‌ನಲ್ಲಿ ಹೆಂಡತಿಯ ಸಮಾಧಿ ನೋಡಲು ಹಡಗು ಹತ್ತಿದವರು ಹಿಂತಿರುಗಲಿಲ್ಲ. ಜೂನ್ 3ರಂದು ಜರ್ಮನಿಯ ಬಾಡ್ ಕಿಸಿಂಗೆನ್‌ನಲ್ಲಿ ಕಣ್ಣುಮುಚ್ಚಿದರು. ಇಂಗ್ಲೆಂಡಿನ ಬ್ರೂಕ್‌ವುಡ್‌ನಲ್ಲಿ ಹೆಂಡತಿಯ ಪಕ್ಕದಲ್ಲೇ ಮಣ್ಣು ಮಾಡಿದರು.

ಅಸಲು ಮುಟ್ಟಬೇಡಿ

ದೊಡ್ಡವರ ಟ್ರಸ್ಟ್ ಅಂದ ಕೂಡಲೇ ತೆರಿಗೆ ತಪ್ಪಿಸುವ ಆಟ ಅನ್ನುವವರು ಉಂಟು. ಸತ್ತವರ ಆಸ್ತಿ ಮೇಲಿನ ತೆರಿಗೆ ಈ ದೇಶಕ್ಕೆ ಬಂದದ್ದೇ 1953ರಲ್ಲಿ. 1932ರಲ್ಲಿ ಆ ಭಯವಿರಲಿಲ್ಲ.

ಈ ಟ್ರಸ್ಟಿನ ಲೆಕ್ಕ ಸರಳ. ಮುಖ್ಯ ಆಸ್ತಿ ಟಾಟಾ ಸನ್ಸ್ ಕಂಪನಿಯ ಷೇರು. ಟಾಟಾ ಸನ್ಸ್ ಅಂದರೆ ಉಳಿದ ಟಾಟಾ ಕಂಪನಿಗಳ ಷೇರು ಹಿಡಿದಿರುವ ತಾಯಿ ಕಂಪನಿ. ಕೆಳಗಿನ ಕಂಪನಿಗಳು ಲಾಭ ಮಾಡಿದರೆ ಅದಕ್ಕೆ ಪಾಲು, ಅಲ್ಲಿಂದ ಟ್ರಸ್ಟಿಗೆ ಡಿವಿಡೆಂಡ್, ಟ್ರಸ್ಟಿನಿಂದ ದಾನ. ತೆಂಗಿನ ಮರ ಕಡಿಯಬೇಡಿ, ಕಾಯಿ ಕಿತ್ತು ಹಂಚಿ ಅಂದ ಹಾಗೆ. ಈಗ ಟಾಟಾ ಸನ್ಸ್‌ನ ನೂರು ಷೇರಿನಲ್ಲಿ ಸುಮಾರು 66 ಟಾಟಾ ಟ್ರಸ್ಟುಗಳವು. ದೊರಾಬ್ಜಿ ಟ್ರಸ್ಟ್ ಒಂದರದ್ದೇ ಸುಮಾರು 28. ತಮ್ಮ ರತನ್‌ಜಿಯ ಹೆಸರಿನ ಟ್ರಸ್ಟಿನದು ಸುಮಾರು 23. ಅಂದರೆ ನಿಮ್ಮ ಮನೆಯಲ್ಲಿ ಖರ್ಚಾಗುವ ಟಾಟಾ ಉಪ್ಪಿನ ಲಾಭದ ಒಂದು ಹರಳು ಸುತ್ತಿ ಬಳಸಿ ಆ ಟ್ರಸ್ಟಿಗೂ ಸೇರುತ್ತದೆ. ಇದರಲ್ಲಿ ತೊಡಕೂ ಇದೆ. ದಾನದ ಟ್ರಸ್ಟೇ ವ್ಯಾಪಾರದ ಧಣಿಯಾದರೆ, ಟ್ರಸ್ಟಿನ ಕುರ್ಚಿ ಹಿಡಿದವರ ಕೈಗೆ ಕಂಪನಿಯ ಲಗಾಮೂ ಬರುತ್ತದೆ. ಸರ್ಕಾರ ಇದನ್ನು ಗಮನಿಸಿಯೇ 1963ರಲ್ಲಿ ಟ್ರಸ್ಟುಗಳ ಷೇರಿನ ಓಟನ್ನು ಸರ್ಕಾರಿ ಟ್ರಸ್ಟಿಯ ಕೈಗೆ ಕೊಡುವ ತಿದ್ದುಪಡಿ ತಂದಿತ್ತು. 2000ದಲ್ಲಿ ಅದನ್ನು ತೆಗೆದರು. ಬಂದ ಆದಾಯ ಕೂಡಿಟ್ಟುಕೊಳ್ಳುವಂತೆಯೂ ಇಲ್ಲ. ತೆರಿಗೆ ವಿನಾಯಿತಿ ಬೇಕೆಂದರೆ ಸಾಮಾನ್ಯವಾಗಿ ನೂರಕ್ಕೆ 85 ರೂಪಾಯಿ ಧರ್ಮದ ಕೆಲಸಕ್ಕೇ ಹೋಗಬೇಕು.

ದೊರಾಬ್ಜಿ ಮಾಡಿದ ಜಾಣತನ ಇನ್ನೊಂದು. ತಾವು ಪಾರ್ಸಿಯಾದರೂ ಹಣ ಪಾರ್ಸಿಗಳಿಗೆ ಮಾತ್ರ ಅಂತ ಬರೆಯಲಿಲ್ಲ. ಜಾತಿ, ಮತ, ಊರು ಯಾವ ಬೇಲಿಯೂ ಇಲ್ಲ. ಛತ್ರ ಕಟ್ಟಿ, ಅನ್ನ ಹಾಕಿ ಅಂತ ಕೈಕಟ್ಟಲೂ ಇಲ್ಲ. ಕಾಲಕ್ಕೆ ತಕ್ಕ ಹಾಗೆ ಟ್ರಸ್ಟಿಗಳೇ ಯೋಚಿಸಿ ಕೊಡಲಿ ಅಂತ ಬಿಟ್ಟರು. ಅದರಿಂದಲೇ 1936ರಲ್ಲಿ ಸಮಾಜಸೇವೆ ಕಲಿಸುವ ಶಾಲೆ ಬಂತು, ಈಗಿನ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್. 1945ರಲ್ಲಿ ಹೋಮಿ ಭಾಭಾ ಅವರ ಮೂಲವಿಜ್ಞಾನ ಸಂಸ್ಥೆಗೂ ಇದೇ ಟ್ರಸ್ಟಿನ ದುಡ್ಡು. ಅದರ ಕೆಲಸ ಶುರುವಾದದ್ದು ಬೆಂಗಳೂರಿನಲ್ಲೇ, ಅದೇ ವರ್ಷ ಬೊಂಬಾಯಿಗೆ ಹೋಯಿತು. ಹೋಮಿ ಮೆಹೆರ್‌ಬಾಯಿಯ ಅಣ್ಣತಮ್ಮಂದಿರ ಕಡೆಯ ಹುಡುಗ, ಮೈಸೂರಿನ ಹೊರ್ಮಸ್‌ಜಿಯವರ ಮೊಮ್ಮಗ. ನೆಂಟರ ಹುಡುಗನಿಗೇ ಕೊಟ್ಟರು ಅನ್ನುವವರು ಅನ್ನಲಿ, ದೇಶಕ್ಕೆ ಅಣುಶಕ್ತಿಯ ದಾರಿ ತೋರಿಸಿದ್ದು ಅದೇ ಹುಡುಗ.

ಜುಬಿಲಿ ವಜ್ರ ಏನಾಯಿತು? ಟ್ರಸ್ಟಿನವರು ಅದನ್ನು ಕನ್ನಡಿಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಲಿಲ್ಲ. 1937ರಲ್ಲಿ ಕಾರ್ಟಿಯೆ ಎಂಬ ಹೆಸರಾಂತ ಆಭರಣದಂಗಡಿಯ ಮೂಲಕ ಮಾರಾಟವಾಗಿ ಪರದೇಶದವರ ಪಾಲಾಯಿತು, ಹಣ ಟ್ರಸ್ಟಿಗೆ ಸೇರಿತು. 1941ರ ಫೆಬ್ರವರಿ 28ರಂದು ಬೊಂಬಾಯಿಯ ಪರೇಲ್‌ನಲ್ಲಿ ಟ್ರಸ್ಟ್ ಕಟ್ಟಿಸಿದ ಕ್ಯಾನ್ಸರ್ ಆಸ್ಪತ್ರೆ ಬಾಗಿಲು ತೆರೆಯಿತು. ಇದನ್ನು ಈಗಲೂ ಟಾಟಾದವರೇ ನಡೆಸುತ್ತಾರೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. 1957ರಲ್ಲಿ ಕೇಂದ್ರ ಸರ್ಕಾರ ವಹಿಸಿಕೊಂಡಿತು, 1962ರಿಂದ ಅಣುಶಕ್ತಿ ಇಲಾಖೆಯ ಕೈಯಲ್ಲಿದೆ. ಹೆಸರು ಮಾತ್ರ ಹಾಗೇ ಉಳಿದಿದೆ. ರಾತ್ರಿ ರೈಲಿಗೆ ಫೈಲು, ಎಕ್ಸ್‌ರೇ ಕವರು ಹಿಡಿದು ನಿಂತವರನ್ನು ಎಲ್ಲಿಗೆ ಅಂತ ಕೇಳಿದರೆ ಬಾಂಬೆ ಟಾಟಾಗೆ ಅಂತಲೇ ಹೇಳುತ್ತಾರೆ.